ಪಾಲಿಗೆ ಕೊಟ್ಟ ಕೋಳಿ

ಲೊಕ್ಕನಹಳ್ಳಿ
11 ಫೆಬ್ರವರಿ 2024

ಚಿರಂಜೀವಿ ಮಣಿಕಂಠನಿಗೆ ಅತ್ತೆ ಕೆಂಪಾಜಮ್ಮನ ಆಶೀರ್ವಾದ.

ಕಾಗದದ ಮೊದಲ ಸಾಲಿನಲ್ಲಿ ಮನೆಯವರೆಲ್ಲ ಕ್ಷೇಮ ಅಂತ ಬರೆಯಬೇಕು ಎಂದು ರಾತ್ರಿಶಾಲೆ ಮೇಷ್ಟ್ರು ಕಲಿಸಿದ್ದರು. ಆ ಸಾಲಿಗೆ ಜಾಗ ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ನಿನ್ನ ಅತ್ತಿಗೆ ಪವಿತ್ರಳ ತಿಥಿ ಆಯಿತು. ಯಳಂದೂರಿನ ಕಡೆಯಿಂದ ಅವಳ ತವರಿನವರು ಟೆಂಪೋ ಮಾಡಿಕೊಂಡು ಬಂದಿದ್ದರು. ಊಟ ಮಾಡದೆ ಹೋದರು. ಹೋಗುವ ಮುಂಚೆ ಅವಳ ತಾಯಿ ಒಬ್ಬಳೇ ಹಿತ್ತಿಲಿಗೆ ನಡೆದು, ಕೋಳಿಗೂಡಿನ ಮುಂದಿನ ನೆಲ ಮುಟ್ಟಿ, ಆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನೀನು ಗೂಡಿನ ಸುತ್ತ ಕಟ್ಟಿದ್ದ ತಂತಿ, ಗೂಟ ಎಲ್ಲವನ್ನೂ ಪೊಲೀಸರು ಕಿತ್ತು ತೆಗೆದುಕೊಂಡು ಹೋಗಿದ್ದಾರೆ. ಗೂಡು ಮಾತ್ರ ಹಾಗೇ ಇದೆ. ಅದರ ಬಾಗಿಲು ಹಾಕುವವರೂ ಇಲ್ಲ, ತೆಗೆಯುವವರೂ ಇಲ್ಲ. ಹೊತ್ತು ಮುಳುಗಿದರೆ ಕೋಳಿಗಳು ಹುಣಸೆಮರ ಹತ್ತುತ್ತವೆ. ಬೂದುಬಣ್ಣದ ಹೇಂಟೆ ನಿಮ್ಮಪ್ಪನ ಮಂಚದ ಕೆಳಗಿನ ಹಳೇ ರುಮಾಲಿನ ಮೇಲೆ ಮೊಟ್ಟೆ ಇಡುತ್ತಿದೆ. ಬೇರೆ ಕಾಲವಾಗಿದ್ದರೆ ಮನೆಯೆಲ್ಲ ನಕ್ಕು ಉರುಳುತ್ತಿತ್ತು.

ಜಾಮೀನು ಬೇಡ ಅಂದೆಯಂತೆ. ಲಾಯರು ಶಿವಕುಮಾರಸ್ವಾಮಿಯವರು ಮನೆಗೇ ಬಂದು ಹೇಳಿದರು. ನಿಮ್ಮಪ್ಪ ತಲೆ ಎತ್ತಲಿಲ್ಲ. ನಿಮ್ಮಣ್ಣ ಬಸವರಾಜು ಎದ್ದು ಹೊರಗೆ ಹೋದ. ಹೋಗಿದ್ದು ಅವನ ಹೆಂಡತಿ, ಒಳಗಿರುವುದು ಅವನ ತಮ್ಮ. ಅವನಾದರೂ ಯಾವ ಕಡೆ ಮುಖ ಮಾಡಿ ಕೂರಬೇಕು ಹೇಳು.

ನಿಮ್ಮವ್ವ ಸತ್ತಾಗ ನೀನು ಅಂಬೆಗಾಲಿಡುತ್ತಿದ್ದೆ. ಗಂಡ ಸತ್ತು ತವರಿಗೆ ಬಂದಿದ್ದ ನನ್ನ ಮಡಿಲಿಗೆ ನಿಮ್ಮಿಬ್ಬರನ್ನೂ ಹಾಕಿದರು. ನನಗಿರುವುದು ನೀವಿಬ್ಬರೇ. ಇಬ್ಬರಲ್ಲಿ ಒಬ್ಬನ ಕಡೆ ನಿಂತುಕೋ ಅಂದರೆ ನನ್ನ ಕೈಲಾಗದು.

ಈ ಕಾಗದ ನಿನಗೆ ಕೊಡುವ ಮುಂಚೆ ಅಲ್ಲಿನ ಸಾಹೇಬರು ಓದುತ್ತಾರಂತೆ. ಓದಲಿ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಅವರಿಗೇ ಕಷ್ಟ.

ಹೊಟ್ಟೆಗೆ ತಿನ್ನು. ಎರಡು ಸಾಲು ಬರಿ.

ನಿನ್ನ ಅತ್ತೆ
ಕೆಂಪಾಜಮ್ಮ

*

ಲೊಕ್ಕನಹಳ್ಳಿ
28 ಮಾರ್ಚ್ 2024

ತಂಗಿ ಪುಟ್ಟಮಾದಮ್ಮನಿಗೆ ನಿನ್ನ ಅಕ್ಕ ಬರೆಯುವುದು.

ಫೋನು ಮಾಡಿದರೆ ಗೋಪಿನಾಥಂನಲ್ಲಿ ನಿನಗೆ ಅರ್ಧ ಮಾತು ಕೇಳಿಸುತ್ತದೆ, ಇಲ್ಲಿ ಮನೆಮಂದಿಗೆಲ್ಲ ಪೂರ್ತಿ ಕೇಳಿಸುತ್ತದೆ. ಅದಕ್ಕೇ ಕಾಗದ. ಒಂದೇ ಲಾಟೀನಿನ ಮುಂದೆ ಕೂತು ಇಬ್ಬರೂ ಅಕ್ಷರ ಕಲಿತದ್ದು ಇಂಥದ್ದಕ್ಕೆ ಬರಬೇಕಿತ್ತೇ.

ನೀನು ಮಣ್ಣಿಗೆ ಬಂದವಳು ಮಾರನೆಯ ದಿನವೇ ಬಸ್ಸು ಹತ್ತಿದೆ. ಏನಾಯಿತು ಅಂತ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಹೇಳುತ್ತೇನೆ.

ಸಂಕ್ರಾಂತಿ ಆದ ಮೇಲೆ ಪವಿತ್ರ ತಂಗಿಯ ಬಾಣಂತನಕ್ಕೆ ತವರಿಗೆ ಹೋದಳು. ಅವಳು ಹೋದದ್ದೇ ತಡ, ಗೂಡಿನಿಂದ ಒಂದೊಂದೇ ಕೋಳಿ ಕಾಣೆಯಾಗತೊಡಗಿತು. ಗುಡ್ಡದಿಂದ ಚಿರತೆ ಇಳಿದಿದೆ ಅಂತ ಊರೆಲ್ಲ ಮಾತು. ಮಣಿಕಂಠನಿಗೆ ಅದೇ ಸಂಕಟ. ‘ಅತ್ಗೆ ಬರೋ ಒತ್ಗೆ ಗೂಡು ಬರಿದಾಗಿದ್ರೆ ಯಾವ್ ಮಕ ತೋರ್ಸ್ಲಿ ಅತ್ತೆ?’ ಅನ್ನುತ್ತಿದ್ದ. ಕೋಳಿಗಳೆಲ್ಲ ಅವಳವು ತಾನೆ. ಅವನು ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊರಡಿಸುವಾಗೆಲ್ಲ ಎರಡು ಬೇಯಿಸಿದ ಮೊಟ್ಟೆ ಜೇಬಿಗೆ ತುರುಕಿ, ‘ಮೈದ್ನೋರೆ, ಸಿಪ್ಪೆ ಸುಲ್ದು ತಿನ್ನಿ, ಅಂಗೇ ನುಂಗ್ಬುಟ್ಟೀರಿ’ ಅಂತ ಕೆಣಕಿ ಕಳಿಸುತ್ತಿದ್ದಳು.

ಅವನು ಕಂಬದಿಂದ ಕರೆಂಟು ಎಳೆದು ಗೂಡಿನ ಸುತ್ತ ಬರಿ ತಂತಿ ಕಟ್ಟಿದ. ಕತ್ತಲಾಗುವಾಗ ಕೊಕ್ಕೆ ಹಾಕುವವನೂ ಅವನೇ, ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ತೆಗೆಯುವವನೂ ಅವನೇ. ತಪ್ಪು ಅಂತ ನಮಗೆಲ್ಲ ಗೊತ್ತು. ನಾಲ್ಕು ದಿನದ ಮಾತು ಅಂತ ಸುಮ್ಮನಿದ್ದೆವು. ಆ ಸಂಜೆ ಪವಿತ್ರ ಫೋನು ಮಾಡಿ, ಬಸ್ಸು ಸಿಕ್ಕರೆ ಇವತ್ತೇ ಬರುತ್ತೇನೆ, ಇಲ್ಲದಿದ್ದರೆ ನಾಳೆ ಅಂದಿದ್ದಳು. ಮಣಿಕಂಠ ಕೊಕ್ಕೆ ಹಾಕಿ, ಬೆಳಕು ಹರಿಯುವುದರೊಳಗೆ ಬರುತ್ತೇನೆ ಅಂತ ಟ್ರ್ಯಾಕ್ಟರ್ ಹತ್ತಿದ. ಕುಂತೂರಿನಲ್ಲಿ ಗಾಡಿಗಳ ಸಾಲು ಕದಲಲಿಲ್ಲ.

ಅವಳು ಕೊನೆಯ ಬಸ್ಸಿಗೆ ಬಂದಳು. ಮನೆ ತುಂಬ ಜನ ಅವಳನ್ನು ಸುತ್ತುವರಿದು ಮಗುವಿಗೆ ಏನು ಹೆಸರು, ಮೂಗು ಯಾರದು, ಕೂದಲು ಎಷ್ಟಿದೆ ಅಂತ ಕೇಳಿದ್ದೇ ಕೇಳಿದ್ದು. ನಾನು ಮುದ್ದೆ ಇಟ್ಟೆ. ಯಾರೋ ಸಾರು ಬಿಟ್ಟರು. ತಂತಿಯ ಮಾತು ಯಾರೂ ಎತ್ತಲಿಲ್ಲ. ಬೇರೆ ಯಾರಾದರೂ ಹೇಳಿರುತ್ತಾರೆ ಅಂತ ಪ್ರತಿಯೊಬ್ಬರೂ ಅಂದುಕೊಂಡೆವು. ಮೂರೇ ಜನರ ಮನೆಯಾಗಿದ್ದರೆ ಅವಳು ಬದುಕುತ್ತಿದ್ದಳು, ಪುಟ್ಟಿ.

ಬೆಳಗ್ಗೆ ಅವಳೇ ಮೊದಲು ಎದ್ದಳು. ಕೋಳಿಗಳನ್ನು ನೋಡುವ ಆಸೆ. ನಾವು ಓಡಿ ಹೋದಾಗ ಅವಳ ಮಡಿಲಿನ ರಾಗಿ ನೆಲದ ಮೇಲೆ ಚೆಲ್ಲಿತ್ತು. ಇನ್ನು ಹೆಚ್ಚು ಬರೆಯಲಾರೆ.

ಮಣಿಕಂಠ ಪೊಲೀಸರಿಗೆ, ‘ಮನೇಲಿ ಯಾರ್ಗೂ ಗೊತ್ತಿರ್ನಿಲ್ಲ. ನಾನ್ ಯಾರ್ಗೂ ಏಳಿರ್ನಿಲ್ಲ ಸಾ’ ಅಂದುಬಿಟ್ಟ. ಅಣ್ಣ ರಂಗನಾಯಕ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ, ‘ಹುಡ್ಗ ಒಬ್ನೇ ಒತ್ಕಂಡವ್ನೆ. ಇನ್ಯಾರೂ ಬಾಯ್ ಬುಡ್ಬ್ಯಾಡಿ’ ಅಂದ. ಬಿಡಲಿಲ್ಲ. ಬೇರೆ ಮಾತಿಗೂ ಈಗ ಬಾಯಿ ಬರುತ್ತಿಲ್ಲ. ಒಂದೇ ಒಲೆಯ ಅನ್ನ ಉಣ್ಣುತ್ತೇವೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಪವಿತ್ರಳ ಮಗಳು ನಾಗಶ್ರೀ ಅವತ್ತಿನಿಂದ ಮನೆಯಲ್ಲಿ ಒಂದು ಮಾತೂ ಆಡಿಲ್ಲ. ಶಾಲೆಯಲ್ಲಿ ಪಾಠ ಓದು ಅಂದರೆ ಓದುತ್ತಾಳಂತೆ. ಮನೆಯ ಹೊಸಿಲು ದಾಟಿದರೆ ತುಟಿ ಹೊಲಿದ ಹಾಗೆ. ಒಂಬತ್ತು ವರ್ಷದ ಕೂಸು. ಹಿತ್ತಿಲ ಬಾಗಿಲ ಕಡೆ ಬೆನ್ನು ಹಾಕಿಯೇ ಕೂರುತ್ತಾಳೆ.

ಇನ್ನೊಂದು. ಚಿರತೆ ಚಿರತೆ ಅಂದೆವಲ್ಲ, ಹೋದ ವಾರ ಪಕ್ಕದ ಮನೆಯ ನಾಯಿಗಳು ಅದನ್ನು ಹಿಡಿದವು. ಒಂದು ಕಾಡುಬೆಕ್ಕು. ನಮ್ಮ ಮನೆಯ ಬೆಕ್ಕಿಗಿಂತ ಒಂದು ಗೇಣು ಉದ್ದ ಇದ್ದೀತು. ಬಾಯಲ್ಲಿ ನಮ್ಮ ಕೋಳಿಯ ಪುಕ್ಕ. ಇದನ್ನು ಮಣಿಕಂಠನಿಗೆ ಬರೆದಿಲ್ಲ. ಬರೆಯುವುದೂ ಇಲ್ಲ.

ಪವಿತ್ರ ನಿನಗೆ ಪಾಲಿಗೆ ಕೊಟ್ಟ ಬೋಳುಕತ್ತಿನ ಹೇಂಟೆಯ ವಿಷಯ ಕೇಳಿ ಕಳಿಸಿದ್ದೆಯಲ್ಲ. ಸಾಕಿದವಳು ನೀನಾದರೂ ಮಾಡಿದ ಮರಿಯಲ್ಲಿ ಅರ್ಧ ಕೊಟ್ಟವರದು, ಮೊದಲು ಆರಿಸುವ ಹಕ್ಕೂ ಅವರದೇ. ಕೊಟ್ಟವಳು ಹೋದ ಮೇಲೆ ಅದು ನಾಗಶ್ರೀಯದು. ಅವಳ ಪಾಲನ್ನು ಮಾರಬೇಡ, ಕುಯ್ಯಬೇಡ.

ನಿನ್ನ ಅಕ್ಕ
ಕೆಂಪಾಜಿ

*

ಲೊಕ್ಕನಹಳ್ಳಿ
16 ಜೂನ್ 2024

ಚಿರಂಜೀವಿ ಮಣಿಕಂಠನಿಗೆ ಆಶೀರ್ವಾದ.

ಹೋದ ಸೋಮವಾರ ಚಾಮರಾಜನಗರಕ್ಕೆ ಬಂದಿದ್ದೆವಲ್ಲ, ನೀನು ಬಿಳಿಚಿಕೊಂಡು ಅರ್ಧ ಆಗಿದ್ದೀಯ. ನಿನಗೆ ಇಷ್ಟ ಅಂತ ಹುರಳಿ ಉಸಲಿ ಮಾಡಿ ತಂದಿದ್ದೆ, ಒಳಗೆ ಬಿಡಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದ ಯಾರದೋ ತಾಯಿಗೆ ಕೊಟ್ಟೆ. ಅವಳೂ ಮಗನನ್ನು ನೋಡಲು ಬಂದಿದ್ದವಳು. ತಿನ್ನುತ್ತಾ ಅತ್ತಳು. ಏನು ಮಾಡಿ ಒಳಗೆ ಹೋದ ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನನ್ನ ಹಿಂದೆ ನಾಗಶ್ರೀ ನಿಂತದ್ದು ಕಂಡ ಕೂಡಲೇ ನೀನು ಎದ್ದು ಒಳಗೆ ಹೋದೆ. ಕಾವಲಿನವರು ಇನ್ನೂ ಟೈಮಿದೆ ಅಂದರೂ ತಿರುಗಲಿಲ್ಲ. ಆ ಮಗು ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡು ಕೂತದ್ದು ಕೊಳ್ಳೇಗಾಲದವರೆಗೂ ಎತ್ತಲಿಲ್ಲ. ಅವಳನ್ನು ಹೆಗಲ ಮೇಲೆ ಹೊತ್ತು ಮೆರೆಸಿದವನು ನೀನು. ಅವಳು ಏನು ತಪ್ಪು ಮಾಡಿದಳಪ್ಪ?

ಲಾಯರು ಅದೇ ಪ್ರಶ್ನೆಗೆ ಬಂದು ಬಂದು ನಿಲ್ಲುತ್ತಾರೆ. ಮನೆಯಲ್ಲಿ ಒಬ್ಬರಿಗಾದರೂ ಎಚ್ಚರಿಸಿ ಹೋಗಿದ್ದರೆ ಅದು ಅಜಾಗರೂಕತೆ ಆಗುತ್ತದಂತೆ. ಯಾರಿಗೂ ಹೇಳದೆ ಜೀವ ಹೋಗುವಂಥದ್ದನ್ನು ಕಟ್ಟಿಟ್ಟು ಹೋದೆ ಅಂದರೆ ಕೇಸು ಬೇರೆ, ಶಿಕ್ಷೆಯೂ ಬಹಳ ವರ್ಷದ್ದು. ಆ ಸಂಜೆ ನಾನು ಅಡುಗೆಮನೆಯಲ್ಲಿ ಹಿಟ್ಟು ತೊಳಸುತ್ತಿದ್ದೆ. ಟ್ರ್ಯಾಕ್ಟರ್ ಶುರುವಾಗುವ ಮುಂಚೆ ನೀನು ಗೇಟಿನ ಹತ್ತಿರ ಯಾರಿಗೋ ಏನೋ ಹೇಳಿದ್ದು ಕಿವಿಗೆ ಬಿದ್ದಿತ್ತು. ಮಾತು ತಿಳಿಯಲಿಲ್ಲ. ಅದು ಯಾರು? ಯಾರೇ ಆಗಿರಲಿ, ಕೈಹಿಡಿದು ಕರೆದುಕೊಂಡು ಹೋಗಿ ಕೋರ್ಟಿನಲ್ಲಿ ನಿಲ್ಲಿಸುತ್ತೇನೆ.

ಬಸವರಾಜು ಇನ್ನೂ ನಿನ್ನ ಹೆಸರು ಎತ್ತಿಲ್ಲ. ಆದರೆ ನಿನ್ನ ಟ್ರ್ಯಾಕ್ಟರಿನ ಮೇಲೆ ಟಾರ್ಪಾಲು ಹೊದಿಸಿದವನು ಅವನೇ. ಯಾರೂ ಹೇಳಿರಲಿಲ್ಲ.

ನಿನ್ನ ಅತ್ತೆ
ಕೆಂಪಾಜಮ್ಮ

*

ಚಾಮರಾಜನಗರ
2 ಆಗಸ್ಟ್ 2024

ಅತ್ತೆಗೆ ಮಣಿಕಂಠನ ನಮಸ್ಕಾರ.

ಗೇಟಿನ ಹತ್ತಿರ ಯಾರೂ ಇರಲಿಲ್ಲ. ನಾನು ಯಾರಿಗೂ ಏನೂ ಹೇಳಿರಲಿಲ್ಲ. ಲಾಯರಿಗೂ ಅದನ್ನೇ ಹೇಳಿದ್ದೇನೆ. ಇನ್ನು ಮೇಲೆ ಕೇಳಬೇಡ.

ನಾಗಶ್ರೀಯನ್ನು ಇಲ್ಲಿಗೆ ಕರೆತರಬೇಡ. ಕೋರ್ಟಿಗೂ ಬೇಡ. ಇಷ್ಟು ನಡೆಸಿಕೊಡು, ಬೇರೆ ಏನೂ ಕೇಳುವುದಿಲ್ಲ.

ಅಣ್ಣ ಊಟ ಮಾಡುತ್ತಾನಾ?

ಮಣಿಕಂಠ

*

ಲೊಕ್ಕನಹಳ್ಳಿ
9 ಡಿಸೆಂಬರ್ 2024

ಪುಟ್ಟಿ,

ಈ ಕಾಗದ ಓದಿ ಒಲೆಗೆ ಹಾಕು.

ದೀಪಾವಳಿ ಕಳೆದ ಮೇಲೆ ಊರಿಗೆಲ್ಲ ಕೊಕ್ಕರೆ ರೋಗ ಬಂತು. ಬೆಳಗ್ಗೆ ಮೇಯುತ್ತಿದ್ದ ಕೋಳಿ ಮಧ್ಯಾಹ್ನಕ್ಕೆ ಕತ್ತು ತಿರುಚಿಕೊಂಡು ಬೀಳುತ್ತಿತ್ತು. ಪವಿತ್ರಳ ಹಿಂಡು ಹೆಚ್ಚುಕಡಿಮೆ ಹೋಯಿತು. ಹಿಂದೆಲ್ಲ ತೂಕಡಿಸುವ ಕೋಳಿ ಕಂಡರೆ ಅವತ್ತೇ ಸಾರಾಗುತ್ತಿತ್ತು. ಈ ಸಲ ನಮ್ಮ ಮನೆಯಲ್ಲಿ ಯಾರೂ ಬಾಯಿಗಿಡಲಿಲ್ಲ. ಬಸವರಾಜು ಒಂದೊಂದನ್ನೂ ಗುಂಡಿ ತೋಡಿ ಮುಚ್ಚಿದ. ಮನುಷ್ಯರಿಗೆ ಮಣ್ಣು ಹಾಕುವ ಹಾಗೆ, ಮೂರು ಮೂರು ಹಿಡಿ.

ಉಳಿದದ್ದರಲ್ಲಿ ಬೂದು ಹೇಂಟೆ ಕಾಣೆಯಾಯಿತು. ಅದೂ ಎಲ್ಲೋ ಬಿದ್ದಿರಬೇಕು ಅಂದುಕೊಂಡೆವು. ನಿನ್ನೆ ಹಿತ್ತಿಲಲ್ಲಿ ಬಟ್ಟೆ ಹರವುವಾಗ ಗೂಡಿನೊಳಗಿಂದ ಕೊರ್ ಕೊರ್ ಅಂತ ಸದ್ದು. ಯಾರೂ ಹತ್ತಿರ ಸುಳಿಯದ ಜಾಗ ಅಂತಲೇ ಅದು ಅಲ್ಲಿ ಮೊಟ್ಟೆ ಇಟ್ಟು ಕಾವಿಗೆ ಕೂತಿದೆ. ನಾನು ಬಗ್ಗಿ ಬಾಗಿಲ ಜಾಲರಿಗೆ ಕೈ ಹಾಕಬೇಕು, ಅಷ್ಟರಲ್ಲಿ ಹಿಂದಿನಿಂದ ಚೀರಿದ ಸದ್ದು.

‘ಅಜ್ಜೀ, ಮುಟ್ಬ್ಯಾಡಾ! ಕರೆಂಟದೆ, ಮುಟ್ಬ್ಯಾಡಾ!’

ನಾಗಶ್ರೀ. ಹಿತ್ತಿಲ ಬಾಗಿಲಲ್ಲಿ ನಿಂತು ಎರಡೂ ಕೈಲಿ ಕಿವಿ ಮುಚ್ಚಿಕೊಂಡು ಚೀರುತ್ತಿದ್ದಾಳೆ. ಹೆಚ್ಚುಕಡಿಮೆ ವರ್ಷದ ಮೇಲೆ ಮನೆಯಲ್ಲಿ ಆ ಮಗುವಿನ ಗಂಟಲಿಂದ ಹೊರಟ ಮೊದಲ ಮಾತು ಅದು. ಓಡಿ ಹೋಗಿ ತಬ್ಬಿಕೊಂಡೆ. ಕರೆಂಟಿಲ್ಲ ಕಣವ್ವ, ತಂತಿ ಯಾವತ್ತೋ ಕಿತ್ತಾಕಿದ್ರು ಅಂದರೂ ಕೇಳದು.

‘ಚಿಕ್ಕಪ್ಪ ನಂಗೆ ಏಳಿತ್ತು ಅಜ್ಜಿ.’

‘ಏನಂತವ್ವ?’

‘ಟ್ಯಾಕ್ಟ್ರು ಅತ್ತುವಾಗ. ಅವ್ವ ಬಂದೇಟ್ಗೆ ಏಳು, ನಾನ್ ಬರಗಂಟ ಗೂಡ್ ತಾವ್ಕೆ ಓಗ್ಬ್ಯಾಡ ಅನ್ನು ಅಂತು. ನಾನ್ ಊಂ ಅಂದೆ. ಜಗ್ಲಿ ಮ್ಯಾಲೆ ಕಾಯ್ತಾ ಕುಂತಿದ್ದೆ. ನಿದ್ದೆ ಬಂದ್ಬುಡ್ತು ಅಜ್ಜಿ. ಅಪ್ಪ ಒಳೀಕೆ ಎತ್ಕಂಡೋಗಿ ಮನಗಿಸ್ತು. ನಾನ್ ಎದ್ದಾಗ ಅವ್ವ...’

ಗೇಟಿನ ಹತ್ತಿರ ಇದ್ದದ್ದು ಅವಳು. ಮಣಿಕಂಠ ಯಾರಿಗೂ ಹೇಳಿಲ್ಲ ಅಂತ ಕಲ್ಲಿನ ಹಾಗೆ ಕೂತಿರುವುದು ಇವಳಿಗಾಗಿ. ಇವಳನ್ನು ಕಂಡರೆ ಮುಖ ತಿರುಗಿಸಿದ್ದೂ ಅದಕ್ಕೇ. ಎಲ್ಲಿ ಮಗು ಬಾಯಿ ಬಿಟ್ಟುಬಿಡುತ್ತದೋ ಅಂತ.

ಆ ಹೊತ್ತಿನಲ್ಲಿ ನನ್ನ ಬಾಯಿಂದ ಹೊರಟ ಮಾತು ನಾನು ಯೋಚಿಸಿ ಆಡಿದ್ದಲ್ಲ. ‘ಅಯ್ಯೋ ಹುಚ್ಚವ್ವ, ಇಷ್ಟೇನಾ? ನಿಂಗೆ ಏಳೂಕ್ ಮುಂಚೆ ನಂಗೇ ಏಳಿತ್ತಲ್ಲ ನಿಮ್ ಚಿಕ್ಕಪ್ಪ. ಅಡ್ಗೆಮನೇಗ್ ಬಂದು ಏಳ್ತು. ನೀನು ಕೂಸು ಅಂತ ಗೊತ್ತಿಲ್ವಾ ಅದ್ಕೆ? ನಿಂಗೆ ಸುಮ್ನೆ ಅಂದಿದ್ದು. ಏಳ್ಬೇಕಾಗಿದ್ದೋಳು ನಾನು. ನಾನ್ ಮರ್ತೆ.’

ಮುಖ ಎತ್ತಿ ನೋಡಿದಳು. ‘ದಿಟ್ವಾ?’

‘ದಿಟ.’

‘ಮಾದಪ್ಪನಾಣೆ?’

‘ಮಾದಪ್ಪನಾಣೆ.’

ಹರಕೆಯ ಮಾದಪ್ಪನ ಮೇಲೆ ಸುಳ್ಳು ಆಣೆ ಇಟ್ಟೆ, ಪುಟ್ಟಿ. ಬೆಟ್ಟ ಹತ್ತಿ ನಾನು ಇನ್ನು ಅವನ ಮುಖ ನೋಡುವ ಹಾಗಿಲ್ಲ. ಆದರೆ ಆ ಮಗು ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು. ಬೆಳಗ್ಗೆ ಶಾಲೆಗೆ ಹೋಗುವಾಗ ಜಡೆ ಬಿಗಿಯಾಯಿತು ಅಂತ ನನ್ನನ್ನು ಬೈದಳು.

ಈಗ ನನ್ನ ಚಿಂತೆ ಇದು. ಮಗುವಿಗೊಂದು, ಕೋರ್ಟಿಗೊಂದು ಹೇಳಿದರೆ ಆಗುತ್ತದೆಯೇ? ಚಿಕ್ಕಪ್ಪ ಯಾರಿಗೂ ಹೇಳಿರಲಿಲ್ಲ ಅಂತ ಕೋರ್ಟಿನವರು ಬರೆದು ಅವನನ್ನು ವರ್ಷಗಟ್ಟಲೆ ಒಳಗೆ ಹಾಕಿದರೆ, ಇವಳು ದೊಡ್ಡವಳಾಗಿ ಕೂಡಿಸಿ ಕಳೆದು ನೋಡುವುದಿಲ್ಲವೇ? ತನ್ನನ್ನು ಉಳಿಸಲು ಅವನು ಮುಳುಗಿದ, ಅಜ್ಜಿ ತನಗೆ ಹೇಳಿದ್ದು ಸುಳ್ಳು ಅಂತ ಅವತ್ತು ಗೊತ್ತಾದರೆ? ಹಗ್ಗವೋ ಬಾವಿಯೋ ಹುಡುಕುತ್ತಾಳೆ.

ಹೇಳಿದ ಮೇಲೆ ಅದು ಎಲ್ಲ ಕಡೆಯೂ ಒಂದೇ ಆಗಿರಬೇಕು.

ನಿನ್ನ ಅಕ್ಕ
ಕೆಂಪಾಜಿ

*

ಲೊಕ್ಕನಹಳ್ಳಿ
20 ಫೆಬ್ರವರಿ 2025

ಚಿರಂಜೀವಿ ಮಣಿಕಂಠನಿಗೆ ಆಶೀರ್ವಾದ.

ವರ್ಷದ ತಿಥಿ ಕಳೆಯಿತು. ಬಸವರಾಜು ತಲೆ ಬೋಳಿಸಿಕೊಂಡು ಕೂತಿದ್ದಾಗ ನಿನ್ನ ಹಾಗೇ ಕಂಡ.

ನನಗೆ ವಯಸ್ಸಾಯಿತು, ಮರೆವು ಹೆಚ್ಚಾಗಿದೆ. ಒಂದು ವಿಷಯ ಈಗ ನೆನಪಿಗೆ ಬಂದಿದೆ. ನಿನಗೂ ದುಃಖದಲ್ಲಿ ಮರೆತಿರಬೇಕು, ಅದಕ್ಕೇ ಯಾರಿಗೂ ಹೇಳಿಲ್ಲ ಅನ್ನುತ್ತಿದ್ದೀಯ. ಆ ಸಂಜೆ ನೀನು ಅಡುಗೆಮನೆಯ ಬಾಗಿಲಿಗೆ ಬಂದೆ. ನಾನು ಮುದ್ದೆಗೆ ಹಿಟ್ಟು ತೊಳಸುತ್ತಿದ್ದೆ. ‘ಅತ್ತೆ, ಅತ್ಗೆ ಬಂದ್ರೆ ನಾನ್ ಬರಗಂಟ ಗೂಡ್ ತಾವ್ಕೆ ಬುಡ್ಬ್ಯಾಡ’ ಅಂದೆ. ನಾನು ಕೋಲು ಹಿಡಿದುಕೊಂಡೇ ಹೂಂ ಅಂದೆ. ನಿನಗೆ ನೀರು ಬೇಕಾಗಿತ್ತು, ಚೊಂಬಿನಲ್ಲಿ ಕೊಟ್ಟೆ. ಕುಡಿದು ಗೇಟಿನ ಕಡೆ ಹೋದೆ. ಅವಳು ಬಂದಾಗ ನಾನೇ ಬಡಿಸಿದೆ, ಅವಳ ತಂಗಿಯ ಮಗುವಿನ ಮಾತಿನಲ್ಲಿ ಮರೆತೆ.

ಇದನ್ನು ಲಾಯರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಇಷ್ಟು ದಿನ ಯಾಕೆ ಹೇಳಲಿಲ್ಲಮ್ಮ?’ ಅಂದರು. ಹೆದರಿಕೆ ಅಂದೆ. ಕೋರ್ಟಿನಲ್ಲಿ ದೇವರ ಮೇಲೆ ಪ್ರಮಾಣ ಮಾಡಿಸುತ್ತಾರೆ ಅಂದರು. ಒಂದು ಸಲ ಮಾಡಿ ಆಗಿದೆ ಅಂದೆ.

ನಾನು ಹೇಳುವಾಗ ನೀನು ಅಡ್ಡ ಬಾಯಿ ಹಾಕಬೇಡ. ನಾಗಶ್ರೀ ಈಗ ಮಾತಾಡುತ್ತಾಳೆ. ಅವಳಿಗೂ ಇದನ್ನೇ ಹೇಳಿದ್ದೇನೆ, ನಂಬಿದ್ದಾಳೆ. ಅವಳು ನಂಬಿದ್ದಾಳೆ ಅನ್ನುವುದನ್ನು ಇನ್ನೊಂದು ಸಲ ಓದು.

ನಿನ್ನ ಅತ್ತೆ
ಕೆಂಪಾಜಮ್ಮ

*

ಲೊಕ್ಕನಹಳ್ಳಿ
27 ಏಪ್ರಿಲ್ 2025

ಪುಟ್ಟಿ,

ಮುಗಿಯಿತು. ಹೋದ ವಾರ ಕೊಳ್ಳೇಗಾಲದ ಕೋರ್ಟಿನಲ್ಲಿ ನಿಂತು ಹೇಳಿ ಬಂದೆ.

ಕರಿ ಕೋಟಿನ ಹುಡುಗ ಒಬ್ಬ, ಸರ್ಕಾರದ ಕಡೆಯವನು, ಜೋರಾಗಿ ಕೇಳಿದ. ‘ಅಣ್ಣನ ಮಗನನ್ನ ಉಳಿಸೋಕೆ ಸುಳ್ಳು ಹೇಳ್ತಾ ಇದ್ದೀರಾ ಅಂತ ನಾನು ಹೇಳ್ತೀನಿ.’

‘ಸತ್ತೋಳೂ ನನ್ ಅಣ್ಣನ ಮಗನ್ ಎಂಡ್ತಿನೇ ಸಾ,’ ಅಂದೆ. ‘ಆರು ಕುರಿ ಕುಯ್ಸಿ ನಾನೇ ಮದ್ವೆ ಮಾಡಿ ತಂದೋಳು. ನಾನ್ ಮರ್ತಿದ್ಕೆ ಅವ್ಳು ಸತ್ಲು ಅಂತ ಸುಳ್ ಏಳಿ ನಂಗೇನ್ ಸಿಕ್ಕದು?’

ಅವನು ಆಮೇಲೆ ಹೆಚ್ಚು ಕೇಳಲಿಲ್ಲ. ಮಣಿಕಂಠ ಕಟಕಟೆಯಲ್ಲಿ ನಿಂತವನು ಒಂದು ಸಲ ಬಾಯಿ ತೆರೆದ. ನಾನು ನೋಡಿದೆ. ಮುಚ್ಚಿದ.

ಹಿಂದಿನ ಬೆಂಚಿನಲ್ಲಿ ಬಸವರಾಜು ಕೂತಿದ್ದ. ಅವನಿಗೆ ಮೊದಲೇ ತಿಳಿಸಿರಲಿಲ್ಲ. ತಿಳಿಸಿದ್ದರೆ ಮಗಳ ವಿಷಯವನ್ನೂ ತಿಳಿಸಬೇಕಾಗುತ್ತಿತ್ತು. ಆ ಮಗುವನ್ನು ಜಗುಲಿಯಿಂದ ಎತ್ತಿಕೊಂಡು ಹೋಗಿ ಮಲಗಿಸಿದವನು ಅವನೇ ತಾನೆ. ಅದು ಅವನಿಗೆ ಯಾವತ್ತೂ ಗೊತ್ತಾಗಬಾರದು.

ಬಸ್ಸಿನಲ್ಲಿ ಅವನು ಗಂಡಸರ ಸೀಟಿನಲ್ಲಿ, ನಾನು ಮುಂದೆ. ಮನೆಗೆ ಬಂದು ಕೈಕಾಲು ತೊಳೆದ. ನಾನು ತಟ್ಟೆ ಇಟ್ಟು ಮುದ್ದೆ ಹಾಕಿದೆ. ಮುರಿಯಲಿಲ್ಲ. ತಟ್ಟೆ ನೋಡುತ್ತಲೇ ಹೇಳಿದ: ‘ಅವತ್ತೂ ನೀನೇ ಅಲ್ವಾ ಅತ್ತೆ ಇಕ್ಕಿದ್ದು ಅವ್ಳ್ಗೆ. ಮುಂದ್ಗಡೆ ಕುಂತ್ಕಂಡು. ಒಂದ್ ಮಾತು. ಒಂದೇ ಒಂದ್ ಮಾತು ಅತ್ತೆ.’

ನಾನು ಸಾರಿನ ಸೌಟು ಎತ್ತಿದೆ.

‘ನೀ ಬೇಯ್ಸಿದ್ದು ನನ್ ಗಂಟ್ಲಲ್ಲಿ ಇಳ್ಯಕ್ಕಿಲ್ಲ ಇನ್ಮೇಲೆ’ ಅಂತ ಎದ್ದ. ಬೈಯಲಿಲ್ಲ, ಕೂಗಲಿಲ್ಲ. ಅವನು ಚಿಕ್ಕವನಾಗಿದ್ದಾಗ ಜ್ವರ ಬಂದರೆ ನನ್ನ ಕೈಯ ಗಂಜಿ ಬಿಟ್ಟು ಬೇರೆ ಏನೂ ಮುಟ್ಟುತ್ತಿರಲಿಲ್ಲ.

ಅಣ್ಣ ಕೂಡ ಮುಖ ಕೊಟ್ಟು ಮಾತಾಡುತ್ತಿಲ್ಲ. ಮನೆಯ ಮಾತನ್ನು ಕೋರ್ಟಿಗೆ ಒಯ್ದೆ ಅಂತ. ಆದರೆ ಒಂದು ವಿಚಿತ್ರ ನೋಡು. ನಾನು ಒಲೆ ಬಿಟ್ಟು ಮೂಲೆಗೆ ಸರಿದ ಮೇಲೆ ಮನೆಯವರೆಲ್ಲ ಒಬ್ಬರಿಗೊಬ್ಬರು ಮಾತಾಡುತ್ತಿದ್ದಾರೆ. ಅವಳಿಗೆ ಹೇಳದೆ ಹೋದದ್ದು ಯಾರು ಅನ್ನುವುದು ಅವರಿಗೆ ಈಗ ಗೊತ್ತಾಯಿತಲ್ಲ. ಎಲ್ಲರಿಗೂ ಎದೆಯ ಕಲ್ಲು ಇಳಿದ ಹಾಗಾಗಿದೆ. ನಿನ್ನೆ ನಡುಮನೆಯಲ್ಲಿ ಯಾರೋ ನಕ್ಕರು ಕೂಡ.

ನಿನ್ನ ಹಟ್ಟಿಯಲ್ಲಿ ಒಂದು ಚಾಪೆ ಹಾಸುವಷ್ಟು ಜಾಗ ಇದೆಯಾ? ನಿಮ್ಮೂರಿನ ಕಡೆ ಬರುವ ಪಾಲಾರಿನ ಬಸ್ಸು ಎಷ್ಟು ಹೊತ್ತಿಗೆ ಅಂತ ಬರಿ. ನನ್ನ ಹತ್ತಿರ ಒಂದು ಪೆಟ್ಟಿಗೆ, ಅಷ್ಟೆ.

ನಿನ್ನ ಅಕ್ಕ
ಕೆಂಪಾಜಿ

*

ಚಾಮರಾಜನಗರ
30 ಜೂನ್ 2025

ಅತ್ತೆಗೆ ಮಣಿಕಂಠನ ನಮಸ್ಕಾರ.

ಗೋಪಿನಾಥಂ ವಿಳಾಸ ಲಾಯರು ಕೊಟ್ಟರು. ಅಜಾಗರೂಕತೆಗೂ ಕರೆಂಟು ಕದ್ದದ್ದಕ್ಕೂ ಸೇರಿಸಿ ಮೂರು ವರ್ಷ ಅಂತ ತೀರ್ಪಾಗಿದೆ. ಈಗಾಗಲೇ ಒಳಗಿದ್ದದ್ದೂ ಅದರಲ್ಲೇ ಸೇರುತ್ತದಂತೆ.

ಹೋದ ಭಾನುವಾರ ಅಣ್ಣ ಬಂದಿದ್ದ. ಮೊದಲನೆಯ ಸಲ. ಜಾಲರಿಯ ಆಚೆ ಕೂತ. ಆಮೇಲೆ, ನೀನು ಹೇಳಿ ಹೋಗಿದ್ದೆಯಂತಲ್ಲೋ, ನನಗೆ ಗೊತ್ತಿರಲಿಲ್ಲ ಅಂದ. ಅತ್ತ. ನಾನು ಹೂಂ ಅಂದೆ ಅತ್ತೆ. ನೀನು ಹೇಳಿದ ಹಾಗೆ ಹೂಂ ಅಂದೆ. ಈ ಒಂದು ಹೂಂಗಾಗಿ ನೀನು ಮನೆಯನ್ನೇ ಬಿಟ್ಟಿದ್ದೀಯ.

ನಾನು ಹೊರಗೆ ಬಂದ ಮೇಲೆ ಎಲ್ಲಿಗೆ ಬರಲಿ? ಆ ಮನೆಗಾ, ನಿನ್ನ ಹತ್ತಿರಕ್ಕಾ?

ಅಡುಗೆಮನೆಯ ಬಾಗಿಲಲ್ಲಿ ನಿನ್ನ ಕೈಯಿಂದ ಚೊಂಬಿನ ನೀರು ಇಸಿದುಕೊಂಡು ಕುಡಿದದ್ದು ಈಗ ನನಗೂ ನೆನಪಿಗೆ ಬರುತ್ತದೆ. ದಿಟವಾಗಿ ಬರುತ್ತದೆ. ಹೆದರಿಕೆಯಾಗುತ್ತದೆ.

ಮಣಿಕಂಠ

*

ಗೋಪಿನಾಥಂ
24 ಆಗಸ್ಟ್ 2025

ನನ್ನ ಬಂಗಾರ ನಾಗಶ್ರೀಗೆ ಅಜ್ಜಿಯ ಮುತ್ತು.

ಈ ಕಾಗದವನ್ನು ನೀನೇ ಓದಿದರೂ ಸರಿ, ನಿಮ್ಮಪ್ಪ ಓದಿ ಹೇಳಿದರೂ ಸರಿ. ಅದರಲ್ಲಿ ಮುಚ್ಚುಮರೆ ಏನೂ ಇಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ. ಅಕ್ಕಪಕ್ಕದ ಮಕ್ಕಳು ತಮಿಳಿನವು, ನನ್ನನ್ನು ‘ಪಾಟಿ’ ಅಂತ ಕೂಗುತ್ತವೆ, ಹಾಗಂದರೆ ಅಜ್ಜಿ ಅಂತೆ. ನಾನು ಹೇಳಿದ್ದು ಅವಕ್ಕೆ ತಿಳಿಯದು, ಅವು ಹೇಳಿದ್ದು ನನಗೆ ತಿಳಿಯದು. ಕೋಳಿ ಅಂದರೆ ಮಾತ್ರ ಇಬ್ಬರಿಗೂ ಕೋಳಿ.

ನಿಮ್ಮವ್ವ ನಿನ್ನ ಪುಟ್ಟಜ್ಜಿಗೆ ಪಾಲಿಗೆ ಕೊಟ್ಟಿದ್ದ ಬೋಳುಕತ್ತಿನ ಹೇಂಟೆ ಇನ್ನೂ ಇದೆ. ಮುದುಕಿ ಆಗಿದೆ, ನನ್ನ ಹಾಗೇ ಜಗಳಗಂಟಿ. ಹೋದ ತಿಂಗಳು ಅದನ್ನು ಮಂಕರಿಯಲ್ಲಿ ಕಾವಿಗೆ ಕೂರಿಸಿದೆ. ಕೆಳಗೆ ಹೊಟ್ಟು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು ಇಟ್ಟೆ. ಇದೆಲ್ಲ ನಿಮ್ಮವ್ವ ಇಡುತ್ತಿದ್ದದ್ದನ್ನು ನೋಡಿ ಕಲಿತದ್ದು, ನೀನೂ ನೋಡಿದ್ದೀಯ. ಮರಿ ಒಡೆದಿವೆ. ಎರಡಕ್ಕೆ ನಿಮ್ಮವ್ವನಿಗೆ ಇಷ್ಟವಾದ ಬೂದುಬಣ್ಣ. ಹಗಲೆಲ್ಲ ಹದ್ದು ಕಾಯುವುದೇ ನನ್ನ ಕೆಲಸ.

ಅದರಲ್ಲಿ ಅರ್ಧ ನಿನ್ನದು. ನಾನು ಬಸ್ಸಿನವರ ಕೈಲಿ ಕಳಿಸಬಹುದು, ಆದರೆ ಕಳಿಸುವುದಿಲ್ಲ. ಆರಿಸುವ ಹಕ್ಕು ಕೋಳಿ ಕೊಟ್ಟವರದು, ಸಾಕಿದವರು ಆರಿಸಿ ಕೊಡುವ ಪದ್ಧತಿ ಇಲ್ಲ. ನಿಮ್ಮಪ್ಪ ಕರೆತರುವುದಾದರೆ ಬಾ. ಈ ವರ್ಷ ಆಗದಿದ್ದರೆ ಬರುವ ವರ್ಷ. ಮರಿ ಬೆಳೆದು ಮರಿ ಮಾಡಿದರೂ ಅದರಲ್ಲಿ ಅರ್ಧ ನಿನ್ನದೇ. ಅಪ್ಪನ ಹತ್ತಿರ ಹಟ ಮಾಡಬೇಡ.

ಬೂದು ಹೇಂಟೆಯನ್ನು ನೀನು ಗೂಡಿನಲ್ಲೇ ಮುಚ್ಚುತ್ತೀಯಂತೆ, ಬೆಳಗ್ಗೆ ಬಾಗಿಲನ್ನೂ ನೀನೇ ತೆಗೆಯುತ್ತೀಯಂತೆ. ಲಾಯರು ಫೋನಿನಲ್ಲಿ ಹೇಳಿದ್ದು ಕೇಳಿ ಪುಟ್ಟಜ್ಜಿಯೂ ನಾನೂ ಅವತ್ತು ಪಾಯಸ ಮಾಡಿಕೊಂಡು ಕುಡಿದೆವು.

ಬಾಗಿಲಿಗೆ ಕೈ ಹಾಕುವಾಗ ಒಂದೊಂದು ದಿನ ಕೈ ನಡುಗುತ್ತದೆ. ನಡುಗಿದರೆ ನಿಂತುಕೋ. ನಿಂತುಕೊಂಡು ನನ್ನನ್ನು ಬೈ. ಮನಸ್ಸಿನಲ್ಲಲ್ಲ, ಜೋರಾಗಿ ಬೈ, ಹುಣಸೆಮರದ ಕಾಗೆಗಳಿಗೂ ಕೇಳಿಸಲಿ. ಮರೆಗುಳಿ ಮುದುಕಿ, ನಿನ್ನಿಂದಲೇ ಕಣೇ ಅನ್ನು. ಆಮೇಲೆ ಬಾಗಿಲು ತೆಗೆ. ಕೋಳಿಗಳು ಹಸಿದಿರುತ್ತವೆ.

ಮರೆತವಳು,
ನಿನ್ನ ಅಜ್ಜಿ
ಕೆಂಪಾಜಮ್ಮ